ಇ-ಬೈಕ್ ಹ್ಯಾಂಡಲ್ ಮೇಲೆ ಯಾವುದು ಎಲ್ಲಿರಬೇಕು: ಬೆರಳಿಂದ ಶುರು ಮಾಡಿ ಜೋಡಿಸುವ ಬಗೆ

ಇ-ಬೈಕ್ ಮನೆಗೆ ಬಂದ ದಿನ ಹ್ಯಾಂಡಲ್ ಮೇಲೆ ಏನೇನಿತ್ತು, ಈಗ ಏನೇನಿದೆ, ಒಮ್ಮೆ ಎಣಿಸಿ ನೋಡಿ. ಬರುವಾಗಲೇ ಎರಡು ಬ್ರೇಕ್ ಲಿವರ್, ಗೇರ್ ಶಿಫ್ಟರ್, ಥ್ರಾಟಲ್ (ಎಕ್ಸಲರೇಟರ್), ಡಿಸ್‌ಪ್ಲೇ, ಅಸಿಸ್ಟ್ (ಪೆಡಲ್ ತುಳಿಯುವಾಗ ಮೋಟರ್ ಕೊಡುವ ಸಹಾಯ) ಹೆಚ್ಚು ಕಮ್ಮಿ ಮಾಡುವ ಬಟನ್, ಇಷ್ಟು ಇದ್ದವು. ಆಮೇಲೆ ಬೆಲ್ ಬಂತು, ಫೋನ್ ಹೋಲ್ಡರ್ ಬಂತು, ಜಾಸ್ತಿ ಬೆಳಕಿನ ಲೈಟು, ಕನ್ನಡಿ, ಒಂದು ಪುಟ್ಟ ಬ್ಯಾಗು. ಒಂದೊಂದನ್ನೂ ಅವತ್ತು ಎಲ್ಲಿ ಜಾಗ ಕಂಡಿತೋ ಅಲ್ಲಿ ಸಿಕ್ಕಿಸಿದ್ದು. ನೋಡೋಕೆ ಚೆನ್ನಾಗಿಲ್ಲ ಅನ್ನುವುದು ಹಾಗಿರಲಿ, ಗಕ್ಕನೆ ಬ್ರೇಕ್ ಹಿಡಿಯಬೇಕಾದಾಗ ಬೆರಳು ಲಿವರ್ ಹುಡುಕುವಂತಾಗುತ್ತದೆ. ಅದು ಆಗಬಾರದು.

ನಾನು ಇಟ್ಟುಕೊಂಡಿರುವ ನಿಯಮ ಒಂದೇ. ಗಾಡಿ ಓಡುವಾಗ ಮುಟ್ಟಬೇಕಾದ ಪ್ರತಿಯೊಂದೂ ಅಂಗೈ ಗ್ರಿಪ್ ಬಿಟ್ಟು ಏಳದೆ ಬೆರಳಿಗೆ ಸಿಗಬೇಕು. ಬರೀ ಕಣ್ಣಿಂದ ನೋಡುವಂಥದ್ದು ನಡುವೆ ಹೋಗಲಿ. ಮುಟ್ಟುವುದೂ ಇಲ್ಲ, ನೋಡುವುದೂ ಇಲ್ಲ ಅನ್ನುವಂಥದ್ದಕ್ಕೆ ಹ್ಯಾಂಡಲ್ ಮೇಲೆ ಜಾಗವೇ ಬೇಡ. ಫ್ರೇಮಿಗೋ ಹಿಂದಿನ ಕ್ಯಾರಿಯರ್‌ಗೋ ಹೋಗಲಿ.

ಶುರು ಮಾಡುವ ಮುಂಚೆ ಬ್ಯಾಟರಿ ಆಫ್ ಮಾಡಿ. ಬಿಚ್ಚಿ ತೆಗೆಯಲು ಬರುವ ಬ್ಯಾಟರಿ ಆದರೆ ತೆಗೆದೇ ಇಡಿ. ಡಿಸ್‌ಪ್ಲೇ ಆಫ್ ಮಾಡಿದರೆ ಸಾಕು ಅಂದುಕೊಳ್ಳಬೇಡಿ, ಕೆಲಸದ ಮಧ್ಯೆ ಕೈ ತಗುಲಿ ಆನ್ ಆಗಿ, ಜೊತೆಗೆ ಥ್ರಾಟಲ್ ಕೂಡ ಒತ್ತಿಹೋದರೆ ಗಾಡಿ ಸ್ಟ್ಯಾಂಡಿನಿಂದ ಹಾರಿಬಿಡುತ್ತದೆ. ಆಮೇಲೆ ನಾಲ್ಕು ಕಡೆಯಿಂದ ಫೋಟೋ ತೆಗೆಯಿರಿ. ವೈರುಗಳು ಎಲ್ಲಿಂದ ಎಲ್ಲಿಗೆ ಹೋಗಿವೆ ಅನ್ನುವುದು ಬಿಚ್ಚಿದ ಮೇಲೆ ಯಾರಿಗೂ ನೆನಪಿರುವುದಿಲ್ಲ. ಈಗ ಪ್ರತಿ ಕ್ಲ್ಯಾಂಪ್ ಎಲ್ಲಿ ಕೂತಿದೆಯೋ ಅಲ್ಲಿ ಒಂದು ಚೂರು ಪೇಪರ್ ಟೇಪ್ ಅಂಟಿಸಿ ಪೆನ್ನಿನಿಂದ ಗೆರೆ ಎಳೆಯಿರಿ. ಹೊಸ ಜಾಗ ಹಿಡಿಸದಿದ್ದರೆ ವಾಪಸ್ ಬರಲು ದಾರಿ ಇರುತ್ತದೆ.

ಇನ್ನೊಂದು ಕೆಲಸ ಇದೆ. ಯಾರಾದರೂ ಗಾಡಿ ಹಿಡಿದುಕೊಳ್ಳಲಿ, ಅಥವಾ ಗೋಡೆಗೆ ಒರಗಿಸಿ ನೀವೇ ಹತ್ತಿ ಕೂತುಕೊಳ್ಳಿ. ಕಣ್ಣು ಮುಚ್ಚಿ, ದಿನಾ ಓಡಿಸುವಾಗ ಹೇಗೆ ಕೂರುತ್ತೀರೋ ಹಾಗೇ ಕೂತು ಕೈ ಇಡಿ. ಈಗ ಕಣ್ಣು ಬಿಟ್ಟು ನೋಡಿ. ಅಂಗೈ ಎಲ್ಲಿ ಕೂತಿದೆ? ತೋರುಬೆರಳು ಎಲ್ಲಿಗೆ ಬಂದಿದೆ? ಹೆಬ್ಬೆರಳು ಚಾಚಿದರೆ ಎಲ್ಲಿ ತಲುಪುತ್ತದೆ? ಆ ಮೂರು ಜಾಗಕ್ಕೂ ಟೇಪ್ ಗುರುತು ಹಾಕಿ. ಮುಂದಿನ ಕೆಲಸವೆಲ್ಲ ಈ ಗುರುತುಗಳ ಲೆಕ್ಕದಲ್ಲೇ.

ಜಾಗ ಎಷ್ಟಿದೆ ಅಂತ ಅಳೆದು ನೋಡಿ

ಹ್ಯಾಂಡಲ್ ಉದ್ದ ಇದೆ, ಎಷ್ಟು ಬೇಕಾದರೂ ಹಾಕಬಹುದು ಅನ್ನಿಸುತ್ತದೆ. ಅಳೆದು ನೋಡಿದರೆ ಹಾಗಿಲ್ಲ. 680 ಮಿ.ಮೀ. ಹ್ಯಾಂಡಲ್ ಅಂದುಕೊಳ್ಳಿ. ಸಾಮಾನ್ಯ ಗ್ರಿಪ್ ಒಂದೊಂದೂ 130 ಮಿ.ಮೀ., ಎರಡಕ್ಕೆ 260 ಹೋಯಿತು. ಉಳಿದದ್ದು 420. ನಡುವೆ ಸ್ಟೆಮ್ (ಹ್ಯಾಂಡಲನ್ನು ಗಾಡಿಗೆ ಸೇರಿಸುವ ತುಂಡು) ಹಿಡಿಯುವ ಜಾಗ ದಪ್ಪ, ಈಗಿನ ಹೆಚ್ಚಿನ ಹ್ಯಾಂಡಲ್‌ಗಳಲ್ಲಿ 31.8 ಮಿ.ಮೀ., ಹಳೆಯ ಮತ್ತು ಸರಳ ಬೈಕ್‌ಗಳಲ್ಲಿ 25.4. ಗ್ರಿಪ್, ಬ್ರೇಕ್, ಶಿಫ್ಟರ್ ಕೂರುವ ಕಡೆ 22.2. ದಪ್ಪದಿಂದ ಸಣ್ಣಕ್ಕೆ ಇಳಿಯುವ ಆ ಇಳಿಜಾರು ಇದೆಯಲ್ಲ, ಅಲ್ಲಿ ಯಾವ ಕ್ಲ್ಯಾಂಪೂ ಸರಿಯಾಗಿ ಕೂರುವುದಿಲ್ಲ. ಒಂದು ಅಂಚಿನಲ್ಲಿ ಮಾತ್ರ ಕಚ್ಚಿಕೊಂಡು, ನಾಲ್ಕು ದಿನಕ್ಕೆ ಸಡಿಲವಾಗಿ ತಿರುಗುತ್ತದೆ. ನಡುವಿನ ಆ ಭಾಗಕ್ಕೆ ಒಂದು 100 ಮಿ.ಮೀ. ಬಿಟ್ಟರೆ ಒಂದೊಂದು ಬದಿಗೆ ಉಳಿಯುವುದು ಸುಮಾರು 160. ಒಂದೊಂದು ಕ್ಲ್ಯಾಂಪ್ 15ರಿಂದ 30 ಮಿ.ಮೀ. ತಿನ್ನುತ್ತದೆ, ಅದರ ಮೇಲೆ ಲಿವರ್‌ನ ಬುಡ, ಶಿಫ್ಟರ್‌ನ ಹೊಟ್ಟೆ ಒಂದಕ್ಕೊಂದು ತಾಗದಂತೆ ಬಿಡಬೇಕಾದ ಸಂದು ಬೇರೆ. ಹಾಗಾಗಿ ಏನನ್ನಾದರೂ ಕೊಳ್ಳುವ ಮುಂಚೆ ಟೇಪ್ ಹಿಡಿದು ಅಳೆಯಿರಿ.

ಹ್ಯಾಂಡಲನ್ನೇ ಬದಲಾಯಿಸಬೇಕು ಅಂತಿದ್ದರೆ ಅದನ್ನು ಮೊದಲು ಮುಗಿಸಿ. ಮೊಣಕೈ ಸೆಟೆದು ನಿಲ್ಲುತ್ತಿದ್ದರೆ, ಕುತ್ತಿಗೆ ನೋಯುತ್ತಿದ್ದರೆ, ಸ್ವಲ್ಪ ಎತ್ತರದ ಅಥವಾ ಹಿಂದಕ್ಕೆ ಬಾಗಿದ ಹ್ಯಾಂಡಲ್ ನಿಜಕ್ಕೂ ಆರಾಮ ಕೊಡುತ್ತದೆ. ಆದರೆ ಹ್ಯಾಂಡಲ್ ಎತ್ತರವಾದರೆ ಪ್ರತಿ ಕೇಬಲ್ಲೂ, ಪ್ರತಿ ವೈರೂ ಅಷ್ಟೇ ಉದ್ದ ಬೇಕು. ವೈರಿಗೆ ಎಕ್ಸ್‌ಟೆನ್ಶನ್ ಸಿಗುತ್ತದೆ, ತಂತಿ ಬ್ರೇಕ್ ಆದರೆ ಕೇಬಲ್ ಬದಲಾಯಿಸಬಹುದು. ಹೈಡ್ರಾಲಿಕ್ ಬ್ರೇಕ್‌ನ ಪೈಪು ಸಾಲದೆ ಬಂದರೆ ಹೊಸ ಪೈಪು ಹಾಕಿ, ಎಣ್ಣೆ ತುಂಬಿ, ಗಾಳಿ ತೆಗೆಯಬೇಕು. ಕೊಳ್ಳುವ ಮೊದಲೇ ಈಗಿರುವ ಪೈಪಿನಲ್ಲಿ ಎಷ್ಟು ಸಡಿಲ ಇದೆ ನೋಡಿಕೊಳ್ಳಿ. ಸ್ಟೆಮ್‌ನ ಮುಂದಿನ ಪ್ಲೇಟಿಗೆ ನಾಲ್ಕು ಬೋಲ್ಟ್ ಇದ್ದರೆ ಅಡ್ಡಡ್ಡವಾಗಿ, ಒಂದೊಂದಕ್ಕೆ ಸ್ವಲ್ಪ ಸ್ವಲ್ಪವೇ ಬಿಗಿ ಕೊಡುತ್ತ ಬನ್ನಿ. ಎಷ್ಟು ಬಿಗಿ ಅನ್ನುವುದನ್ನು ಸ್ಟೆಮ್ ಮೇಲೆಯೇ ಬರೆದಿರುತ್ತಾರೆ, ಸಾಮಾನ್ಯವಾಗಿ 5 ನ್ಯೂಟನ್ ಮೀಟರ್ ಆಸುಪಾಸು. ಇದೊಂದು ಜಾಗಕ್ಕಾದರೂ ಟಾರ್ಕ್ ರೆಂಚ್, ಅಂದರೆ ಎಷ್ಟು ಬಿಗಿಯಾಯಿತು ಅಂತ ತೋರಿಸುವ ಸ್ಪ್ಯಾನರ್, ಬಳಸಿ.

ಬ್ರೇಕ್‌ಗೆ ಮೊದಲ ಜಾಗ

ಉಳಿದ ಎಲ್ಲವೂ ಬ್ರೇಕ್ ಕೂತ ಮೇಲೆ ಉಳಿದ ಜಾಗದಲ್ಲಿ ಹೊಂದಿಕೊಳ್ಳಬೇಕು. ಎಷ್ಟೋ ಗಾಡಿಗಳಲ್ಲಿ ಇದು ತಿರುಗಾಮುರುಗಾ ಆಗಿರುತ್ತದೆ. ಶಿಫ್ಟರ್, ಥ್ರಾಟಲ್ ಎಲ್ಲ ಗ್ರಿಪ್ ಪಕ್ಕ ಕೂತು, ಬ್ರೇಕ್ ಲಿವರ್ ಒಳಕ್ಕೆ ತಳ್ಳಿಸಿಕೊಂಡು, ಹಿಡಿಯಲು ಕೈಯನ್ನೇ ಸರಿಸಬೇಕಾಗುತ್ತದೆ.

ಕ್ಲ್ಯಾಂಪ್ ಸಡಿಲ ಮಾಡಿ, ಗಾಡಿ ಮೇಲೆ ಕೂತು, ಬೆರಳನ್ನು ನೇರ ಚಾಚಿ. ಮೊಣಕೈಯಿಂದ ಬೆರಳ ತುದಿವರೆಗೆ ಒಂದೇ ಗೆರೆ ಇರಬೇಕು. ಲಿವರ್ ಆ ಗೆರೆಯ ಮೇಲೆ ಬಂದು ಕೂರಲಿ. ಬಾಗಿ ಕೂರುವವರಿಗೆ ನೆಲಕ್ಕೆ 30ರಿಂದ 45 ಡಿಗ್ರಿ ಕೆಳಮುಖ ಬರಬಹುದು. ನೆಟ್ಟಗೆ ಕೂತು ಓಡಿಸುವವರಿಗೆ ಕೋನ ಬೇರೆಯೇ ಬರುತ್ತದೆ, ಡಿಗ್ರಿ ನೋಡುತ್ತ ಕೂರಬೇಡಿ, ಮಣಿಕಟ್ಟು ನೋಡಿ. ಮಣಿಕಟ್ಟು ಮೇಲಕ್ಕೆ ಮುರಿದಂತೆ ಇದ್ದರೆ ಲಿವರ್ ತುಂಬ ಎತ್ತರದಲ್ಲಿದೆ ಅಂತ ಅರ್ಥ.

ಇನ್ನು ಅಕ್ಕಪಕ್ಕ. ಹೈಡ್ರಾಲಿಕ್ ಬ್ರೇಕ್ ಒಂದೇ ಬೆರಳಿಗೆ ಸಾಕು, ತೋರುಬೆರಳು ಲಿವರ್‌ನ ತುದಿಯ ಕೊಕ್ಕೆಯಂಥ ಬಾಗಿನಲ್ಲಿ ಕೂರಬೇಕು. ತಂತಿ ಬ್ರೇಕ್‌ಗೆ ಎರಡು ಬೆರಳು. ಲಿವರ್‌ನ ಬುಡದ ಹತ್ತಿರ ಒತ್ತಿದಷ್ಟೂ ಶಕ್ತಿ ಜಾಸ್ತಿ ಬೇಕು, ತುದಿಯಲ್ಲಿ ಒತ್ತಿದರೆ ಕಮ್ಮಿ, ಸನ್ನೆಗೋಲಿನ ಲೆಕ್ಕವೇ ಇದು. ಇ-ಬೈಕ್ ತೂಕದ ಗಾಡಿ ಆದ್ದರಿಂದ ಈ ವ್ಯತ್ಯಾಸ ಬೆರಳಿಗೆ ಗೊತ್ತಾಗುತ್ತದೆ. ಬೆರಳು ಗಿಡ್ಡ ಇದ್ದರೆ ಲಿವರ್ ಬುಡದಲ್ಲಿ ಒಂದು ಪುಟ್ಟ ಸ್ಕ್ರೂ ಹುಡುಕಿ, ಅದನ್ನು ತಿರುಗಿಸಿದರೆ ಲಿವರ್ ಗ್ರಿಪ್ ಹತ್ತಿರಕ್ಕೆ ಬರುತ್ತದೆ. ಎಷ್ಟೋ ಜನ ವರ್ಷಗಟ್ಟಲೆ ಓಡಿಸಿದರೂ ಇದು ಇದೆ ಅಂತಲೇ ಗಮನಿಸಿರುವುದಿಲ್ಲ. ಹತ್ತಿರ ತಂದ ಮೇಲೆ ಪೂರ್ತಿ ಒತ್ತಿ ನೋಡಿ, ಲಿವರ್ ಗ್ರಿಪ್‌ಗೆ ತಾಗಬಾರದು.

ಲಿವರ್ ಕ್ಲ್ಯಾಂಪನ್ನು ವಿಪರೀತ ಬಿಗಿ ಮಾಡಬೇಡಿ. ಬ್ರೇಕ್ ಹಿಡಿದಾಗ ಅಲ್ಲಾಡಬಾರದು, ಆದರೆ ಅಂಗೈಯಿಂದ ಜೋರಾಗಿ ತಳ್ಳಿದರೆ ತಿರುಗಬೇಕು, ಅಷ್ಟು ಸಾಕು. ಗಾಡಿ ಬಿದ್ದಾಗ ಲಿವರ್ ತಿರುಗಿಕೊಂಡು ಮುರಿಯದೆ ಉಳಿಯುತ್ತದೆ.

ಲಿವರ್‌ನಿಂದ ಬ್ರೇಕ್ ಕೇಬಲ್ ಅಲ್ಲದೆ ಇನ್ನೊಂದು ಸಣ್ಣ ವೈರು ಹೊರಗೆ ಬರುತ್ತಿದ್ದರೆ ಅದು ಮೋಟರ್ ಕಟ್ ಮಾಡುವ ಸ್ವಿಚ್‌ನದ್ದು. ಎಲ್ಲ ಗಾಡಿಗಳಲ್ಲೂ ಇರುವುದಿಲ್ಲ. ಇದ್ದರೆ, ಲಿವರ್ ಸರಿಸುವಾಗ ಆ ವೈರು ಎಳೆಯದಂತೆ ನೋಡಿಕೊಳ್ಳಿ, ಅದು ತುಂಬ ನಾಜೂಕು.

ಥ್ರಾಟಲ್: ಇಲ್ಲಿ ಅವಸರ ಬೇಡ

ಹೊಸ ರಬ್ಬರ್ ಗ್ರಿಪ್ ಹಾಕಿದ ಒಂದು ಸಂಜೆ ನನ್ನ ಗಾಡಿಯಲ್ಲಿ ಆದದ್ದು ಹೇಳುತ್ತೇನೆ. ಅದು ತಿರುಗಿಸುವ ಅರ್ಧ ಥ್ರಾಟಲ್, ಅಂದರೆ ಗ್ರಿಪ್‌ನ ಒಳಗಿನ ಅರ್ಧ ಮಾತ್ರ ತಿರುಗುವಂಥದ್ದು. ಗ್ರಿಪ್ ಅಂದವಾಗಿ ಕೂರಲಿ ಅಂತ ಥ್ರಾಟಲ್‌ಗೆ ಒತ್ತಿ ಅಂಟಿಸಿಬಿಟ್ಟಿದ್ದೆ. ನಿಂತಲ್ಲಿ ತಿರುಗಿಸಿ ನೋಡಿದೆ, ವಾಪಸ್ ಬಂತು. ರಸ್ತೆಗೆ ಇಳಿದು ಹತ್ತು ನಿಮಿಷ ಆದ ಮೇಲೆ, ಅಂಗೈ ಭಾರಕ್ಕೆ ರಬ್ಬರ್ ಇಷ್ಟಿಷ್ಟೇ ಒಳಕ್ಕೆ ಸರಿದು, ಥ್ರಾಟಲ್‌ನ ಅಂಚಿಗೆ ಒತ್ತಿಕೊಂಡಿತು. ತಿರುವಿನಲ್ಲಿ ಕೈ ಬಿಟ್ಟೆ, ಮೋಟರ್ ಬಿಡಲಿಲ್ಲ. ಎಳೆಯುತ್ತಲೇ ಇತ್ತು. ಬ್ರೇಕ್ ಹಿಡಿದೆ, ಕಟ್ ಸ್ವಿಚ್ ಇದ್ದದ್ದರಿಂದ ಮೋಟರ್ ನಿಂತಿತು, ಅಷ್ಟರಲ್ಲಿ ಎದೆ ಡವಡವ. ಪಕ್ಕಕ್ಕೆ ನಿಲ್ಲಿಸಿ ನೋಡಿದರೆ ಗ್ರಿಪ್‌ಗೂ ಥ್ರಾಟಲ್‌ಗೂ ಮಧ್ಯೆ ಒಂದು ಕಾಗದ ತೂರಲೂ ಜಾಗ ಇರಲಿಲ್ಲ.

ಅವತ್ತಿನಿಂದ ನಾನು ಅಲ್ಲಿ 2 ಮಿ.ಮೀ. ಸಂದು ಬಿಡುತ್ತೇನೆ. ಗ್ರಿಪ್ ಉದ್ದ ಜಾಸ್ತಿಯಾದರೆ ಚಾಕುವಿನಿಂದ ಕತ್ತರಿಸಿ, ಅಥವಾ ಥ್ರಾಟಲ್ ಜೊತೆ ಬಳಸುವ ಗಿಡ್ಡ ಗ್ರಿಪ್ ತನ್ನಿ. ಆ ಬದಿಗೆ ಅಲೆನ್ ಬೋಲ್ಟ್ ಇರುವ ಲಾಕ್-ಆನ್ ಗ್ರಿಪ್ ಒಳ್ಳೆಯದು, ಅದು ಸರಿಯುವುದಿಲ್ಲ. ಬೋಲ್ಟ್ ಹಾಕಿದ ಮೇಲೆ ಥ್ರಾಟಲ್ ಪೂರ್ತಿ ತಿರುಗಿಸಿ ಫಟ್ಟನೆ ಬಿಡಿ. ಹ್ಯಾಂಡಲ್ ಎಡ ತುದಿಗೆ ತಿರುಗಿಸಿ ಒಮ್ಮೆ, ಬಲ ತುದಿಗೆ ತಿರುಗಿಸಿ ಒಮ್ಮೆ. ಪ್ರತಿ ಸಲವೂ ತಾನಾಗಿ ಸೊನ್ನೆಗೆ ವಾಪಸ್ ಬರಬೇಕು.

ಹೊಸದಾಗಿ ಆರಿಸಿಕೊಳ್ಳುವುದಾದರೆ ಹೆಬ್ಬೆರಳಿನ ಥ್ರಾಟಲ್ ಕಡೆಗೇ ನನ್ನ ಮನಸ್ಸು. ತಿರುಗಿಸುವ ಥ್ರಾಟಲ್‌ನಲ್ಲಿ ಗಾಡಿ ತಳ್ಳುವಾಗ, ಹಳ್ಳ ಹಾರಿದಾಗ, ಹ್ಯಾಂಡಲ್ ಹಿಡಿದು ಎತ್ತುವಾಗ ಗೊತ್ತಿಲ್ಲದೆ ತಿರುಗಿಬಿಡುತ್ತದೆ. ಹೆಬ್ಬೆರಳಿನದ್ದಕ್ಕೆ ಆ ಭಯ ಕಮ್ಮಿ, ಗ್ರಿಪ್ ಕೂಡ ಪೂರ್ತಿ ಉದ್ದದ್ದು ಹಾಕಬಹುದು. ಬಲಗಡೆ ಶಿಫ್ಟರ್ ಇದ್ದು ಇಕ್ಕಟ್ಟಾಗುತ್ತಿದ್ದರೆ, ಥ್ರಾಟಲನ್ನು ಎಡಕ್ಕೆ ಹಾಕಿ ನೋಡಿ, ಎಡಗೈಗೆಂದೇ ಮಾಡಿದ್ದು ಸಿಗುತ್ತದೆ. ಒಂದು ವಾರ ವಿಚಿತ್ರ ಅನ್ನಿಸುತ್ತದೆ, ಆಮೇಲೆ ಒಂದು ಹೆಬ್ಬೆರಳಿಗೆ ಗೇರು, ಇನ್ನೊಂದಕ್ಕೆ ಥ್ರಾಟಲ್, ಜಗಳವೇ ಇಲ್ಲ. ಆದರೆ ಎಡಗಡೆ ಅಸಿಸ್ಟ್ ಬಟನ್ ಇದ್ದರೆ ಎರಡೂ ಅಂಟಿಕೊಂಡಂತೆ ಇಡಬೇಡಿ. ಬಟನ್ ಒತ್ತಲು ಹೋಗಿ ಥ್ರಾಟಲ್ ಒತ್ತಿದರೆ ಕಷ್ಟ.

ಶಿಫ್ಟರ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಬ್ರೇಕ್ ಲಿವರ್‌ನ ಒಳಬದಿಗೆ ಕೂರಿಸಿ, ಹೆಬ್ಬೆರಳು ತಲುಪಿದರೆ ಮುಗಿಯಿತು.

ಡಿಸ್‌ಪ್ಲೇ, ಫೋನು, ಲೈಟು

ಡಿಸ್‌ಪ್ಲೇ ನಡುವೆ ಇರಲಿ, ಬಿಸಿಲು ಕನ್ನಡಿಯಂತೆ ಹೊಳೆಯದ ಕೋನಕ್ಕೆ ಸ್ವಲ್ಪ ಬಾಗಿಸಿ. ಅದರ ಕ್ಲ್ಯಾಂಪ್ ಹೆಚ್ಚಾಗಿ ಪ್ಲಾಸ್ಟಿಕ್, ಸ್ಕ್ರೂ ಕೂಡ ಸಣ್ಣದು. ಬೆರಳ ತುದಿಯಲ್ಲಿ ಹಿಡಿದು ಬಿಗಿ ಮಾಡಿದಷ್ಟು ಸಾಕು. ಹ್ಯಾಂಡಲ್ ದಪ್ಪ ಕಮ್ಮಿ ಇದ್ದರೆ ಜೊತೆಗೆ ಬಂದ ರಬ್ಬರ್ ಪಟ್ಟಿ ಹಾಕಿ, ಸ್ಕ್ರೂ ಜೋರು ಮಾಡಿ ಹೊಂದಿಸಲು ಹೋಗಬೇಡಿ.

ಫೋನ್ ವಿಷಯದಲ್ಲಿ ಮೂರು ಮಾತು ಇದೆ. ಒಂದು, ಅಲುಗಾಟ. ಆಪಲ್ ಕಂಪನಿ 2021ರಲ್ಲಿ ಒಂದು ಸೂಚನೆ ಕೊಟ್ಟಿತ್ತು. ಬೈಕ್ ಎಂಜಿನ್‌ನ ಜೋರು ನಡುಕದಿಂದ ಐಫೋನ್ ಕ್ಯಾಮೆರಾದ ಒಳಗಿನ ಸ್ಟೆಬಿಲೈಸೇಶನ್ (ಚಿತ್ರ ಅಲುಗದಂತೆ ತಡೆಯುವ ವ್ಯವಸ್ಥೆ) ಕೆಡಬಹುದು, ಮೊಪೆಡ್, ಸ್ಕೂಟರ್‌ಗಳ ಮೇಲೂ ನಡುಕ ತಡೆಯುವ ಹೋಲ್ಡರ್ ಬಳಸಿ ಅಂತ. ಇ-ಬೈಕ್‌ನಲ್ಲಿ ಎಂಜಿನ್ ಇಲ್ಲ ನಿಜ, ರಸ್ತೆಯ ನಡುಕ ಇದ್ದೇ ಇದೆ. ರಬ್ಬರ್ ಡ್ಯಾಂಪರ್ ಇರುವ ಹೋಲ್ಡರ್ ತಗೊಳ್ಳಿ. ಎರಡು, ಮ್ಯಾಗ್ನೆಟ್. ಥ್ರಾಟಲ್ ಒಳಗೆ ಮ್ಯಾಗ್ನೆಟ್ ಗುರುತಿಸುವ ಹಾಲ್ ಸೆನ್ಸರ್ ಇರುತ್ತದೆ, ಬ್ರೇಕ್ ಕಟ್ ಸ್ವಿಚ್ ಕೂಡ ಎಷ್ಟೋ ಕಡೆ ಮ್ಯಾಗ್ನೆಟ್‌ನಿಂದಲೇ ಕೆಲಸ ಮಾಡುತ್ತದೆ. ಮ್ಯಾಗ್ನೆಟ್ ಹೋಲ್ಡರನ್ನು ಅವುಗಳ ಪಕ್ಕ ಇಟ್ಟರೆ ಸೆನ್ಸರ್ ದಾರಿ ತಪ್ಪುತ್ತದೆ. ದೂರ ಇಡಿ. ಮೂರು, ಚಾರ್ಜಿಂಗ್. ಹಲವು ಡಿಸ್‌ಪ್ಲೇಗಳ ಯುಎಸ್‌ಬಿ ಕೊಡುವುದು 5 ವೋಲ್ಟ್, 500 ಮಿಲಿಆಂಪ್ ಮಾತ್ರ, ಅಂದರೆ ಎರಡೂವರೆ ವಾಟ್. ಮ್ಯಾಪ್ ಹಾಕಿಕೊಂಡು ಸ್ಕ್ರೀನ್ ಪೂರ್ತಿ ಬೆಳಕಿಟ್ಟರೆ ಚಾರ್ಜ್ ಏರುವುದಿಲ್ಲ, ಇಳಿಯುವುದು ನಿಧಾನವಾಗುತ್ತದೆ ಅಷ್ಟೇ.

ನಡುವೆ ಜಾಗ ಸಾಲದಿದ್ದರೆ ಎಕ್ಸ್‌ಟೆನ್ಶನ್ ಬಾರ್ ಹಾಕಿ. ಸ್ಟೆಮ್ ಪಕ್ಕದಿಂದ ಮುಂದಕ್ಕೋ ಕೆಳಕ್ಕೋ ಚಾಚಿಕೊಳ್ಳುವ ಚಿಕ್ಕ ಕೊಳವೆ ಅದು. ಲೈಟು, ಫೋನು ಅಲ್ಲಿಗೆ ಹೋದರೆ ಹ್ಯಾಂಡಲ್ ಪೂರ್ತಿ ಕೈಗೆ ಬಿಟ್ಟುಕೊಟ್ಟಂತಾಗುತ್ತದೆ. ನನ್ನ ಪ್ರಕಾರ ಇಡೀ ಜೋಡಣೆಯಲ್ಲಿ ಅತಿ ಹೆಚ್ಚು ಉಪಕಾರ ಮಾಡುವ ವಸ್ತು ಇದೇ. ಬ್ಯಾಗ್ ಹಾಕುವವರು ಲೈಟಿನ ಬೆಳಕಿಗೆ ಅಡ್ಡ ಬರುತ್ತದಾ ಅಂತ ರಾತ್ರಿ ಹೊತ್ತು ನೋಡಿ, ಭಾರದ ಸಾಮಾನು ಅದರಲ್ಲಿ ತುಂಬಬೇಡಿ, ತಿರುಗಿಸುವಾಗ ಗಾಡಿ ಒಂದು ಬದಿಗೆ ವಾಲುತ್ತದೆ.

ಲೈಟನ್ನು ಗಾಡಿಯ ವೈರಿಗೇ ಜೋಡಿಸುವುದಾದರೆ ಅದರ ಮೇಲೆ ಬರೆದ ವೋಲ್ಟೇಜ್ ಓದಿ. 36 ವೋಲ್ಟ್ ಬ್ಯಾಟರಿ ಪೂರ್ತಿ ಚಾರ್ಜ್ ಆದಾಗ 42 ವೋಲ್ಟ್ ಇರುತ್ತದೆ, 48ರದ್ದು 54.6. 12 ವೋಲ್ಟಿನ ಲೈಟನ್ನು ಅದಕ್ಕೆ ನೇರ ಕೊಟ್ಟರೆ ಒಂದೇ ಕ್ಷಣದಲ್ಲಿ ಸುಟ್ಟುಹೋಗುತ್ತದೆ. ಕಂಟ್ರೋಲರ್‌ನಿಂದ (ಮೋಟರ್ ನಿಯಂತ್ರಿಸುವ ಡಬ್ಬಿ) ಲೈಟಿಗೆಂದೇ ಬರುವ ವೈರು ಎಷ್ಟು ಕೊಡುತ್ತದೆ ಅಂತ ಮೀಟರ್ ಹಿಡಿದು ನೋಡಿ, ಇಲ್ಲವೇ ವೋಲ್ಟೇಜ್ ಇಳಿಸುವ ಕನ್ವರ್ಟರ್ ಹಾಕಿ.

ಬೆಲ್ ಮಾತ್ರ ನಡುವೆ ಹೋಗಬಾರದು, ಹೆಬ್ಬೆರಳಿಗೆ ಸಿಗಬೇಕು. ಕನ್ನಡಿಯನ್ನು ಗ್ರಿಪ್‌ನ ತುದಿಯ ತೂತಿಗೆ ಸಿಕ್ಕಿಸುವಂಥದ್ದು ತಂದರೆ ಒಳಗಿನ ಜಾಗ ಒಂದಿಷ್ಟೂ ಖರ್ಚಾಗುವುದಿಲ್ಲ. ಕನ್ನಡಿ ಇಲ್ಲದ ಬದಿಗೆ ಬಿರಡೆ ಇರಲೇಬೇಕು. ಬಿದ್ದಾಗ ಖಾಲಿ ಕೊಳವೆಯ ಅಂಚು ಮೈಗೆ ಚುಚ್ಚುತ್ತದೆ.

ಗ್ರಿಪ್ ಬಗ್ಗೆಯೂ ಇಲ್ಲೇ ಹೇಳಿಬಿಡುತ್ತೇನೆ. ಅರ್ಧ ಗಂಟೆ ಓಡಿಸಿದ ಮೇಲೆ ಕಿರುಬೆರಳು, ಉಂಗುರದ ಬೆರಳು ಜೋಮು ಹಿಡಿಯುತ್ತಿದ್ದರೆ ಅಂಗೈಯ ಹೊರ ಅಂಚಿನ ನರದ ಮೇಲೆ ಭಾರ ಬೀಳುತ್ತಿದೆ. ಅಗಲ ರೆಕ್ಕೆಯಂಥ ಗ್ರಿಪ್ ಆ ಭಾರವನ್ನು ಹರಡುತ್ತದೆ. ಹಳೆಯ ರಬ್ಬರ್ ಗ್ರಿಪ್ ಬಿಡಿಸಲು ಅದರ ಕೆಳಗೆ ಸ್ವಲ್ಪ ಐಸೋಪ್ರೊಪೈಲ್ ಆಲ್ಕೋಹಾಲ್ ಬಿಟ್ಟು ತಿರುಚಿ. ಹೊಸದು ಹಾಕಲೂ ಅದೇ, ಒಣಗಿದ ಮೇಲೆ ಗಟ್ಟಿ ಹಿಡಿಯುತ್ತದೆ. ಎಣ್ಣೆ, ಗ್ರೀಸ್ ಮುಟ್ಟಿಸಬೇಡಿ.

ವೈರುಗಳು

ಇಷ್ಟಾದ ಮೇಲೆಯೇ ವೈರಿಗೆ ಕೈ ಹಾಕಿ. ಮೊದಲು ಕಟ್ಟಿ ಆಮೇಲೆ ಲಿವರ್ ಸರಿಸಿದರೆ ಎಲ್ಲ ಕತ್ತರಿಸಿ ಮತ್ತೆ ಕಟ್ಟಬೇಕಾಗುತ್ತದೆ.

ಇ-ಬೈಕ್‌ಗಳಲ್ಲಿ ಹೆಚ್ಚಾಗಿ ಇರುವುದು ನೀರು ಹೋಗದ ದುಂಡು ಕನೆಕ್ಟರ್, ಜೂಲೆಟ್ ಅಥವಾ ಹಿಗೋ ಅಂತ ಕರೆಯುತ್ತಾರೆ. ಎರಡೂ ತುದಿಯ ಮೇಲೆ ಪುಟ್ಟ ಬಾಣದ ಗುರುತು ಇರುತ್ತದೆ. ಬಿಚ್ಚುವಾಗ ವೈರು ಹಿಡಿದು ಎಳೆಯಬೇಡಿ, ಎರಡು ಕಡೆಯ ಗಟ್ಟಿ ತಲೆಯನ್ನು ಹಿಡಿದು ನೇರವಾಗಿ ಎಳೆಯಿರಿ. ತಿರುಚಿದರೆ ಒಳಗಿನ ಕೂದಲೆಳೆಯಂಥ ಪಿನ್ನು ಬಾಗುತ್ತದೆ, ಬಾಗಿದ್ದನ್ನು ನೆಟ್ಟಗೆ ಮಾಡಲು ಹೋದರೆ ಅರ್ಧದಷ್ಟು ಸಲ ಮುರಿದೇ ಹೋಗುತ್ತದೆ. ಹಾಕುವಾಗ ಬಾಣಕ್ಕೆ ಬಾಣ ಸರಿಯಾಗಿ ಕೂಡಿಸಿ, ಬೆಳಕಿನಲ್ಲಿ ಪಿನ್ನು ನೋಡಿ, ನೇರ ಒತ್ತಿ. ಕೊನೆಯ ಒಂದೆರಡು ಮಿ.ಮೀ. ಗಟ್ಟಿ ಬರುತ್ತದೆ, ಅಲ್ಲಿ ಬಿಟ್ಟರೆ ನೀರು ಹೋಗುತ್ತದೆ. ಪೂರ್ತಿ ಕೂರಿಸಿ.

ವೈರುಗಳನ್ನು ಎರಡು ಗುಂಪು ಮಾಡಿ, ಎಡಗೈ ಕಡೆಯದ್ದು ಒಂದು, ಬಲಗೈ ಕಡೆಯದ್ದು ಒಂದು. ಎರಡೂ ಸ್ಟೆಮ್ ಮುಂದೆ ಒಂದು ಸುತ್ತು ಸಡಿಲವಾಗಿ ಬಾಗಿ ಫ್ರೇಮಿಗೆ ಇಳಿಯಲಿ. ಆ ಸಡಿಲವೇ ಮುಖ್ಯ. ಜಿಪ್ ಟೈ ಹಾಕಿ, ಆದರೆ ಬಿಗಿಯಬೇಡಿ. ಈಗ ಹ್ಯಾಂಡಲನ್ನು ಎಡ ತುದಿಗೆ, ಬಲ ತುದಿಗೆ ಪೂರ್ತಿ ತಿರುಗಿಸಿ. ಯಾವ ವೈರು ಸೆಟೆಯುತ್ತದೆ, ಯಾವುದು ಫ್ರೇಮ್ ಮತ್ತು ಫೋರ್ಕ್ ಮಧ್ಯೆ ಸಿಕ್ಕಿಕೊಳ್ಳುತ್ತದೆ ನೋಡಿ. ಮುಂದೆ ಸಸ್ಪೆನ್ಶನ್ ಇದ್ದರೆ ಭಾರ ಹಾಕಿ ಅದುಮಿ, ಬ್ರೇಕ್ ಪೈಪು ಟೈರಿಗೆ ತಾಗುತ್ತದಾ ನೋಡಿ. ಎಲ್ಲ ಸರಿ ಅನ್ನಿಸಿದ ಮೇಲೆ ಟೈ ಬಿಗಿ ಮಾಡಿ, ಅದೂ ವೈರು ಹಿಸುಕದಷ್ಟು. ಹೈಡ್ರಾಲಿಕ್ ಪೈಪನ್ನಂತೂ ಸುಮ್ನೆ ಜೊತೆಗೆ ಹಿಡಿದುಕೊಂಡರೆ ಸಾಕು. ಟೈನ ಬಾಲವನ್ನು ಉಗುರು ಕತ್ತರಿಯಿಂದ ಬುಡಕ್ಕೆ ಕತ್ತರಿಸಿ, ಸಾಮಾನ್ಯ ಕತ್ತರಿ ಬಿಟ್ಟ ಚೂಪು ತುದಿ ಕೈ ಗೀರುತ್ತದೆ.

ಟೈಗಳ ಬದಲು ಸುರುಳಿ ಪಟ್ಟಿ ಸುತ್ತಿದರೆ ಇನ್ನೂ ಒಳ್ಳೆಯದು, ನಾಳೆ ಒಂದು ವೈರು ಹೊರಗೆ ತೆಗೆಯಬೇಕಾದರೆ ಸುಲಭ. ಉದ್ದ ಮಿಕ್ಕ ವೈರನ್ನು ಕತ್ತರಿಸಬೇಡಿ. ದೊಡ್ಡ ಸುತ್ತಿನಲ್ಲಿ ಮಡಚಿ ಸ್ಟೆಮ್ ಕೆಳಗೋ ಚಿಕ್ಕ ಚೀಲದೊಳಗೋ ಇಡಿ. ಕನೆಕ್ಟರ್ ಯಾವುದೂ ಬಾಯಿ ಮೇಲೆ ಮಾಡಿ ನಿಲ್ಲದಿರಲಿ. ಡಿಸ್‌ಪ್ಲೇಗೆ ಹೋಗುವ ವೈರು ಒಮ್ಮೆ ಕೆಳಕ್ಕೆ ಇಳಿದು ಆಮೇಲೆ ಮೇಲಕ್ಕೆ ಏರಲಿ, ಮಳೆ ನೀರು ಆ ತಗ್ಗಿನಿಂದ ತೊಟ್ಟಿಕ್ಕಿ ಹೋಗುತ್ತದೆ, ಒಳಗೆ ನುಗ್ಗುವುದಿಲ್ಲ.

ರಸ್ತೆಗೆ ಇಳಿಯುವ ಮುಂಚೆ

ಬ್ಯಾಟರಿ ಹಾಕಿ. ಮೋಟರ್ ಇರುವ ಚಕ್ರ ನೆಲದಿಂದ ಎತ್ತಿ. ಅಸಿಸ್ಟ್ ಅತಿ ಕಮ್ಮಿಗೆ ಇಟ್ಟು ಥ್ರಾಟಲ್ ಮೆಲ್ಲಗೆ ಕೊಡಿ, ಥ್ರಾಟಲ್ ಇಲ್ಲದಿದ್ದರೆ ಪೆಡಲ್ ಕೈಯಲ್ಲಿ ತಿರುಗಿಸಿ. ಚಕ್ರ ತಿರುಗುತ್ತಿರುವಾಗಲೇ ಎಡ ಬ್ರೇಕ್ ಹಿಡಿಯಿರಿ. ಕಟ್ ಸ್ವಿಚ್ ಇರುವ ಗಾಡಿಯಲ್ಲಿ ಮೋಟರ್ ಆ ಕ್ಷಣವೇ ನಿಲ್ಲಬೇಕು. ಬಲ ಬ್ರೇಕನ್ನೂ ಬೇರೆಯಾಗಿ ನೋಡಿ, ಒಂದು ಸರಿ ಇದ್ದರೆ ಇನ್ನೊಂದೂ ಸರಿ ಇರುತ್ತದೆ ಅಂತ ಬಿಡಬೇಡಿ. ಚಕ್ರ ತಿರುಗುತ್ತಿರುವಾಗಲೇ ಹ್ಯಾಂಡಲ್ ಎರಡೂ ಕಡೆ ತಿರುಗಿಸಿ, ಡಿಸ್‌ಪ್ಲೇ ಆರಿ ಹತ್ತಿದರೆ ಯಾವುದೋ ವೈರು ಎಳೆಯುತ್ತಿದೆ.

ಮೊದಲ ಸವಾರಿ ಹದಿನೈದು ನಿಮಿಷ ಸಾಕು, ಅಲೆನ್ ಕೀ ಜೇಬಿನಲ್ಲಿರಲಿ. ನಿಲ್ಲಿಸಿ ಸರಿಪಡಿಸುವಾಗ ಒಂದು ಸಲಕ್ಕೆ ಒಂದನ್ನೇ ಸರಿಸಿ, 5 ಮಿ.ಮೀ. ಮೀರಬೇಡಿ. ಲಿವರ್ ಅಷ್ಟು ಸರಿದರೂ ಬೆರಳಿಗೆ ವ್ಯತ್ಯಾಸ ಗೊತ್ತಾಗುತ್ತದೆ. ಹಿಡಿಸಿದ ಮೇಲೆ ಹಳೆಯ ಟೇಪ್ ಕಿತ್ತು, ಹೊಸ ಜಾಗದಲ್ಲಿ ಕ್ಲ್ಯಾಂಪ್‌ಗೂ ಹ್ಯಾಂಡಲ್‌ಗೂ ಸೇರುವಂತೆ ಬಣ್ಣದ ಪೆನ್ನಿನಲ್ಲಿ ಒಂದು ಸಣ್ಣ ಗೆರೆ ಎಳೆಯಿರಿ. ಒಂದು ವಾರ ಓಡಿಸಿ ಆ ಗೆರೆಗಳನ್ನು ನೋಡಿ. ಗೆರೆ ಮುರಿದ ಕಡೆ ಕ್ಲ್ಯಾಂಪ್ ಸರಿದಿದೆ, ಅಲ್ಲಿನ ಬೋಲ್ಟ್ ಮಾತ್ರ ಇನ್ನೊಂದು ಚೂರು ಬಿಗಿ ಮಾಡಿ.